ಪದಚರ್ಚೆ: ಕೊರತೆ, ಅಭಾವ, ವಿರಳತೆ

ಪ್ರಶ್ನೆ (ಪಿಂಪ್ರಿ, ಪುಣೆ):

ನಮಸ್ಕಾರ. ಇಲ್ಲಿನ ಕನ್ನಡ ಸಂಘಕ್ಕಾಗಿ ಉದಯೋನ್ಮುಖ ದೇಶಗಳಲ್ಲಿ ದೀರ್ಘಾವಧಿ ಹೂಡಿಕೆಯ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಸ್ಕೇರ್ಸಿಟಿ, ಶಾರ್ಟೇಜ್, ಡೆಫಿಸಿಟ್ ಮೂರಕ್ಕೂ ‘ಕೊರತೆ’ ಎಂದೇ ಬಂದುಬಿಟ್ಟಿದೆ. ಮರಾಠಿಯಲ್ಲಿ ದುರ್ಮಿಳತಾ, ತುಟವಡಾ, ತೂಟ್ ಎಂದು ಬೇರೆ ಬೇರೆ ಇವೆ. ನಮಗೆ ಯಾವುವು ಒಗ್ಗುತ್ತವೆ? ‘ಜನಸಂಖ್ಯಾ ಬೆಳವಣಿಗೆ ಇಳಿದಿದೆ’ ಎಂಬ ವಾಕ್ಯವೂ ಅನುಮಾನ ಹುಟ್ಟಿಸುತ್ತಿದೆ.

ಉತ್ತರ (ಡೊಂಬಿವಲಿ, ಮುಂಬೈ):

ಡೆಫಿಸಿಟ್‌ಗೆ ‘ಕೊರತೆ’ಯನ್ನು ಬಿಟ್ಟುಕೊಡಿ, ಬಜೆಟ್ ಸುದ್ದಿಯ ‘ವಿತ್ತೀಯ ಕೊರತೆ’ ಆಗಲೇ ಬೇರೂರಿದೆ. ಇವತ್ತಿನ ಬೆಲೆಗೆ ಕೇಳಿದಷ್ಟು ಮಾಲು ಸಿಗದಿದ್ದರೆ ಅದು ಶಾರ್ಟೇಜ್, ‘ಅಭಾವ’ ಸಾಕು. ಮೇ ತಿಂಗಳಲ್ಲಿ ಟ್ಯಾಂಕರಿನ ಮುಂದೆ ಕೇಳಿಬರುವ ‘ಪಾಣಿ ಟಂಚಾಯಿ’ ಈ ಜಾತಿಯದು. ಸ್ಕೇರ್ಸಿಟಿ ಹಾಗಲ್ಲ. ಅಂಗಡಿ ತುಂಬ ಮಾಲಿದ್ದರೂ ಅದು ಇದ್ದೇ ಇರುತ್ತದೆ. ಜನರ ಬೇಡಿಕೆಯ ಎದುರು ಮಣ್ಣು, ನೀರು, ಲೋಹ ಎಲ್ಲವೂ ಮಿತವೇ. ಅದಕ್ಕೆ ‘ವಿರಳತೆ’ ಇರಲಿ. ಬೆಲೆ ಏರಿದರೆ ಅಭಾವ ಕರಗುತ್ತದೆ, ವಿರಳತೆ ಮಾತ್ರ ತುಟ್ಟಿಯ ರೂಪದಲ್ಲಿ ಉಳಿಯುತ್ತದೆ. (ತುಟ್ಟಿಭತ್ಯೆಯ ತುಟ್ಟಿ. ‘ತುಟವಡಾ’ದ ಸದ್ದಿಗೆ ಮರುಳಾಗಿ ಇದನ್ನು ಅಭಾವಕ್ಕೆ ಬಳಸಬೇಡಿ.)

ಇದು ಬರೀ ಪದದ ಜಗಳವಲ್ಲ. 1980ರಲ್ಲಿ ಜೀವವಿಜ್ಞಾನಿ ಪಾಲ್ ಎರ್ಲಿಕ್ ಮತ್ತು ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ ತಾಮ್ರ, ಕ್ರೋಮಿಯಂ, ನಿಕಲ್, ತವರ, ಟಂಗ್‌ಸ್ಟನ್ ಮೇಲೆ, ತಲಾ 200 ಡಾಲರಿನ ಲೆಕ್ಕದಲ್ಲಿ ಪಂದ್ಯ ಕಟ್ಟಿದರು: ಬೆಲೆ ಏರುತ್ತದೆ ಎಂದು ಎರ್ಲಿಕ್, ಏರುವುದಿಲ್ಲ ಎಂದು ಸೈಮನ್. ಹತ್ತು ವರ್ಷದಲ್ಲಿ ಲೋಕದ ಜನ 80 ಕೋಟಿಗೂ ಮೀರಿ ಹೆಚ್ಚಿದರು. ಹಣದುಬ್ಬರ ಕಳೆದು ನೋಡಿದರೆ ಐದು ಲೋಹಗಳ ಒಟ್ಟು ಬೆಲೆ ಇಳಿದಿತ್ತು, ಎರ್ಲಿಕ್ 576.07 ಡಾಲರಿನ ಚೆಕ್ ಕಳಿಸಿದರು. ಬೆಲೆ ಏರಿದಾಗ ಹೊಸ ಗಣಿ ತೆರೆಯುತ್ತದೆ, ತಾಮ್ರದ ತಂತಿಯ ಜಾಗಕ್ಕೆ ಗಾಜಿನೆಳೆ ಬರುತ್ತದೆ, ಗುಜರಿಯೂ ಕರಗಿ ಮಾರುಕಟ್ಟೆಗೆ ಮರಳುತ್ತದೆ. ಬೇರೆ ದಶಕ ಆರಿಸಿಕೊಂಡಿದ್ದರೆ ಎರ್ಲಿಕ್ ಗೆಲ್ಲಲೂಬಹುದಿತ್ತು, ಅದು ಬೇರೆ ಮಾತು. ಆದರೆ ‘ಜನ ಹೆಚ್ಚುತ್ತಾರೆ, ಲೋಹದ ಕೊರತೆಯಾಗುತ್ತದೆ, ಕೊಂಡಿಡಿ’ ಎಂದು ಕೈಪಿಡಿ ಹೇಳಿದರೆ ಓದುಗ ವಿರಳತೆಯನ್ನು ಅಭಾವವೆಂದು ತಿಳಿದು ದುಡ್ಡು ಹಾಕುತ್ತಾನೆ.

‘ಬೆಳವಣಿಗೆ ಇಳಿದಿದೆ’ ಬೇಡ, ‘ಬೆಳವಣಿಗೆಯ ದರ ಇಳಿದಿದೆ’ ಎನ್ನಿ. ಜನಗಣತಿ ಪ್ರಕಾರ ಭಾರತದ ದಶಕದ ದರ 2001ಕ್ಕೆ ಶೇ. 21.5, 2011ಕ್ಕೆ ಶೇ. 17.7. ಆದರೂ ಎರಡೂ ದಶಕಗಳಲ್ಲಿ ಹೊಸದಾಗಿ ಸೇರಿದವರು ತಲಾ ಸುಮಾರು 18 ಕೋಟಿ ಜನ. ದರ ಇಳಿಯಿತು, ತಲೆ ಎಣಿಕೆ ಇಳಿಯಲಿಲ್ಲ.

‘ಹೂಡಿಕೆ’ ಚೆನ್ನಾಗಿದೆ. ನೇಗಿಲು, ಬಾಣ, ಸಂಸಾರ, ದಾವೆ ಎಲ್ಲವನ್ನೂ ಹೂಡುವ ಭಾಷೆ ನಮ್ಮದು. ‘ಉದಯೋನ್ಮುಖ’ವೂ ಇರಲಿ, ಆದರೆ ಅರ್ಥವ್ಯವಸ್ಥೆಗೆ ಅಂಟಿಸಿ, ದೇಶಕ್ಕಲ್ಲ. ‘ಉದಯೋನ್ಮುಖ ದೇಶ’ ಎಂದರೆ ನಿನ್ನೆ ಮೊನ್ನೆ ಧ್ವಜ ಹಾರಿಸಿದ ರಾಷ್ಟ್ರ ಎಂದು ಓದಿಸಿಕೊಳ್ಳುತ್ತದೆ.