ಮಾವ, ಫೋಟೊದಲ್ಲಿ ಇರುವುದು ಆ ಹಕ್ಕಿ ಅಲ್ಲ

ನಮ್ಮ ಮನೆ ಗುಂಪಿನಲ್ಲಿ ಸಾಮಾನ್ಯವಾಗಿ ಅಡಿಕೆ ರೇಟು, ಯಾರದೋ ಮಂಡಿನೋವು, ಶುಭೋದಯದ ಗುಲಾಬಿ, ಇಷ್ಟೇ. ಮೊನ್ನೆ ಭಾನುವಾರ ಮಾತ್ರ ಒಂದು ಹಕ್ಕಿಯ ವಿಷಯಕ್ಕೆ ಬೆಳಿಗ್ಗೆಯಿಂದ ಮಧ್ಯಾಹ್ನದ ಊಟದ ತನಕ ಜಗಳ ನಡೆಯಿತು. ಸ್ವಾತಿ ನನ್ನ ಚಿಕ್ಕಪ್ಪನ ಮಗಳು, ನ್ಯೂಜಿಲೆಂಡ್‌ನ ಡನೀಡನ್‌ನಲ್ಲಿದ್ದಾಳೆ. ಮಿಕ್ಕವರೆಲ್ಲ ಇಲ್ಲಿಯವರೇ. ಗುಲಾಬಿಗಳನ್ನು ತೆಗೆದು ಉಳಿದದ್ದನ್ನು ಇದ್ದ ಹಾಗೇ ಹಾಕಿದ್ದೇನೆ.

*ಸುಬ್ಬು ಮಾವ:* ವಿಜ್ಞಾನಿಗಳೇ ಬೆರಗಾದರು!! ಲಕ್ಷಾಂತರ ವರ್ಷಗಳ ಹಿಂದೆ ಅಳಿದುಹೋದ ಹಾರಲಾರದ ಹಕ್ಕಿ ನ್ಯೂಜಿಲೆಂಡ್‌ನಲ್ಲಿ ಮತ್ತೆ ಪ್ರತ್ಯಕ್ಷ!! ಪ್ರಕೃತಿ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಕನಿಷ್ಠ 10 ಜನರಿಗೆ ಕಳಿಸಿ 🙏🙏

(ಜೊತೆಗೆ ಒಂದು ಫೋಟೊ. ನೀಲಿ ಮೈ, ಕೆಂಪು ಕೊಕ್ಕು, ಉದ್ದನೆಯ ಕೆಂಪು ಕಾಲು, ಸುತ್ತ ಜೊಂಡು.)

*ಗಿರಿಜತ್ತೆ:* ಬೆಳಿಗ್ಗೆ ಆರಕ್ಕೆ ಎದ್ದು ಇದನ್ನೇ ಮಾಡುತ್ತಾ ಕೂತಿದ್ದರು. ಒಲೆ ಮೇಲಿನ ಹಾಲು ಉಕ್ಕಿ ಹೋಯಿತು.

*ದೊಡ್ಡಪ್ಪ:* ಸುಬ್ಬು, ಇದು ನಮ್ಮ ಕೆರೆಯಲ್ಲಿ ಓಡಾಡುವ ನೀರುಕೋಳಿ ಅಲ್ವಾ?

*ಸುಬ್ಬು ಮಾವ:* ಭಾವ, ನ್ಯೂಜಿಲೆಂಡ್ ಅಂತ ಬರೆದಿದ್ದಾರೆ ನೋಡಿ.

*ಸ್ವಾತಿ:* ದೊಡ್ಡಪ್ಪ ಹೇಳಿದ್ದೇ ಸರಿ. ಹೆಚ್ಚು ಕಮ್ಮಿ ಅದೇ ಹಕ್ಕಿ. ಇಲ್ಲಿ ಅದರ ತೀರಾ ಹತ್ತಿರದ ಬಳಗದ್ದು ಇದೆ, ಪೂಕೆಕೊ ಅಂತಾರೆ. ಯಾವ ಗದ್ದೆ, ಯಾವ ರಸ್ತೆ ಬದಿಯಲ್ಲಿ ನೋಡಿದರೂ ಸಿಗುತ್ತದೆ. ಚೆನ್ನಾಗಿ ಹಾರುತ್ತದೆ ಕೂಡ. ಮಾವ ಹೇಳುತ್ತಿರುವುದು ತಾಕಹೇ, ಅದು ಬೇರೆ. ಬಣ್ಣ ಒಂದೇ ಥರ, ಆದರೆ ಅದು ಮೂರು ಕೆಜಿ ತೂಗುವ ಗುಂಡು ಹಕ್ಕಿ, ಬೆನ್ನು ಹಸಿರು, ಕಾಲು ಗಿಡ್ಡ ಮತ್ತು ದಪ್ಪ, ಕೊಕ್ಕಂತೂ ತಂತಿ ಕತ್ತರಿಸುವ ಇಕ್ಕಳದ ಹಾಗಿದೆ. ರೆಕ್ಕೆ ಇದೆ, ಜಗಳಕ್ಕೂ ಶೋಕಿಗೂ ಮಾತ್ರ. ಇನ್ನು ಲಕ್ಷಾಂತರ ವರ್ಷ ಅನ್ನುವುದು ಸುಳ್ಳು ಮಾವ. ಅದು ಕಾಣದೆ ಇದ್ದದ್ದು 50 ವರ್ಷ.

*ಸುಬ್ಬು ಮಾವ:* 50 ಆದರೇನು, ಲಕ್ಷ ಆದರೇನು. ಸತ್ತುಹೋಯಿತು ಅಂದಿದ್ದರು, ಬದುಕಿತ್ತು. ಮೆಸೇಜಿನ ಸಾರ ಅದೇ ತಾನೇ.

*ನಾನು:* ಮಾವ, 50ಕ್ಕೂ ಲಕ್ಷಕ್ಕೂ ವ್ಯತ್ಯಾಸ ಇಲ್ಲ ಅಂತ ನೀವು ಬ್ಯಾಂಕಿನಲ್ಲಿ ಕೆಲಸ ಮಾಡುವಾಗ ಹೇಳಿದ್ದರೆ ಏನಾಗುತ್ತಿತ್ತು 😀

*ಸ್ವಾತಿ:* ಕಥೆ ನಿಜಕ್ಕೂ ಚೆನ್ನಾಗಿದೆ, ಹೇಳುತ್ತೇನೆ ಕೇಳಿ. 1800ರ ನಂತರದ ಆ ನೂರು ವರ್ಷದಲ್ಲಿ ಬಿಳಿಯರ ಕೈಗೆ ಸಿಕ್ಕಿದ್ದು ಬರೀ ನಾಲ್ಕು ತಾಕಹೇ. ನಾಲ್ಕನೆಯದು 1898ರಲ್ಲಿ, ಟೆ ಆನಾವು ಸರೋವರದ ದಡದಲ್ಲಿ ಒಂದು ನಾಯಿ ಹಿಡಿದು ತಂದದ್ದು. ಆ ನಾಯಿಯ ಹೆಸರು ರಫ್. ಹುಲ್ಲು ತುಂಬಿಸಿ ಇಟ್ಟ ಆ ಹಕ್ಕಿ ನಮ್ಮೂರಿನ ಒಟಾಗೊ ಮ್ಯೂಸಿಯಂನಲ್ಲೇ ಇದೆ. ಅದಾದ ಮೇಲೆ ಒಂದೂ ಕಾಣಲಿಲ್ಲ, ಮುಗಿಯಿತು ಅಂತ ಎಲ್ಲರೂ ಬರೆದುಬಿಟ್ಟರು. ಜೆಫ್ರಿ ಆರ್ಬೆಲ್ ಅಂತ ಒಬ್ಬರು ಡಾಕ್ಟರ್, ಇನ್ವರ್ಕಾರ್ಗಿಲ್ ಊರಿನವರು, ಇದನ್ನು ನಂಬಲಿಲ್ಲ. 1948ರ ಏಪ್ರಿಲ್‌ನಲ್ಲಿ ಮರ್ಚಿಸನ್ ಬೆಟ್ಟಗಳ ಮೇಲೆ ಗುರುತಿಲ್ಲದ ಹೆಜ್ಜೆ ನೋಡಿದರು. ಮತ್ತೆ ನವೆಂಬರ್ 20ಕ್ಕೆ ಬಲೆ, ಕ್ಯಾಮೆರಾ ಹಿಡಿದು ಸ್ನೇಹಿತರ ಜೊತೆ ಹತ್ತಿದರು. ಎರಡು ಹಕ್ಕಿ ಹಿಡಿದು, ಫೋಟೊ ತೆಗೆದು, ವಾಪಸ್ ಬಿಟ್ಟರು.

*ಸುಬ್ಬು ಮಾವ:* ನೋಡಿ! 50 ವರ್ಷ ಯಾರೂ ಕಾಯಲಿಲ್ಲ, ಯಾರೂ ಕಾಳು ಹಾಕಲಿಲ್ಲ, ಆದರೂ ಉಳಿಯಿತು. ಪ್ರಕೃತಿಯೇ ಉಳಿಸಿತು. ಫಾರ್ವರ್ಡ್‌ನಲ್ಲಿ ಬರೆದದ್ದೂ ಅದನ್ನೇ. ಸುಮ್ನೆ ಫೋಟೊ ಹಿಡಿದುಕೊಂಡು ನನ್ನ ಮೇಲೆ ಬೀಳಬೇಡಿ.

(ನನಗೆ ಇಲ್ಲಿ ಮಾವನ ಮಾತು ಸರಿ ಅನ್ನಿಸಿತು. ಬರೆಯಲಿಲ್ಲ, ಸ್ವಾತಿ ಟೈಪ್ ಮಾಡುತ್ತಿದ್ದಾಳೆ ಅಂತ ತೋರಿಸುತ್ತಿತ್ತು.)

*ಸ್ವಾತಿ:* ಅರ್ಧ ಸರಿ ಮಾವ. ಒಂದು ಕಾಲದಲ್ಲಿ ಇದು ದಕ್ಷಿಣ ದ್ವೀಪದ ತುಂಬಾ ಇತ್ತು. ಎಲ್ಲ ಕಡೆ ಮುಗಿದು, ಯಾರೂ ಹೋಗದ ಚಳಿ ಬೆಟ್ಟದ ಮೂಲೆಯಲ್ಲಿ ಸ್ವಲ್ಪ ಉಳಿದಿತ್ತು ಅಷ್ಟೇ. ಮನೆ ಸುಟ್ಟುಹೋದ ಮೇಲೆ ಹಿತ್ತಿಲ ಬಚ್ಚಲು ನಿಂತಿದೆ ಅಂತ ಖುಷಿಪಡುವ ಹಾಗೆ. ಇನ್ನೊಂದು ವಿಷಯ. ನೀವು ಹೇಳುವುದನ್ನೇ ಆಗ ಸರ್ಕಾರವೂ ನಂಬಿತು. ಸುಮಾರು 500 ಚದರ ಕಿಲೋಮೀಟರ್ ಬೆಟ್ಟವನ್ನು ಹಕ್ಕಿಗೆ ಅಂತ ಮೀಸಲಿಟ್ಟರು, ಕಂಡಕಂಡವರು ಒಳಗೆ ಹೋಗುವ ಹಾಗಿಲ್ಲ. ಅಷ್ಟು ಮಾಡಿದರೆ ಸಾಕು, ತಾನಾಗಿ ಹೆಚ್ಚುತ್ತದೆ ಅಂದುಕೊಂಡರು. 1980ರ ದಶಕದ ಶುರುವಿನಲ್ಲಿ ಎಣಿಸಿದರೆ ಉಳಿದದ್ದು 118.

*ದೊಡ್ಡಪ್ಪ:* ಕದ್ದು ಹೊಡೆದು ತಿಂದರಾ?

*ಸ್ವಾತಿ:* ಇಲ್ಲ ದೊಡ್ಡಪ್ಪ. ಕೆಂಪು ಜಿಂಕೆ ಮತ್ತು ಸ್ಟೋಟ್. ನ್ಯೂಜಿಲೆಂಡ್‌ನಲ್ಲಿ ಮೊದಲು ಬಾವಲಿ ಬಿಟ್ಟರೆ ನೆಲದ ಮೇಲೆ ಮೊಲೆಯೂಡಿಸುವ ಪ್ರಾಣಿಯೇ ಇರಲಿಲ್ಲ. ಇಲಿ ಇಲ್ಲ, ಬೆಕ್ಕಿಲ್ಲ, ನರಿ ಇಲ್ಲ. ಅದಕ್ಕೇ ಇಲ್ಲಿಗೆ ಬಂದ ಎಷ್ಟೋ ಹಕ್ಕಿಗಳು ಹಾರುವುದನ್ನೇ ಮರೆತವು. ಬಿಳಿಯರು ಬೇಟೆಯ ಮೋಜಿಗೆ ಜಿಂಕೆ ತಂದರು. ಮೊಲ ತಂದರು. ಮೊಲ ಲೆಕ್ಕ ತಪ್ಪಿ ಹೆಚ್ಚಿದ ಮೇಲೆ ಅವನ್ನು ತಿನ್ನಲಿ ಅಂತ 1880ರ ದಶಕದಲ್ಲಿ ಸ್ಟೋಟ್ ತಂದು ಬಿಟ್ಟರು. ಬೇಡ ಅಂತ ಹೇಳಿದವರೂ ಇದ್ದರು, ಕೇಳಲಿಲ್ಲ. ಸ್ಟೋಟ್ ಅಂದರೆ ಸಣ್ಣ ಮುಂಗುಸಿ ಥರ. ಹಾರಲಾರದ ಹಕ್ಕಿ, ನೆಲದ ಮೇಲೆ ಗೂಡು, ವರ್ಷಕ್ಕೆ ಒಂದು ಸಲ ಎರಡು ಮೊಟ್ಟೆ. ಇನ್ನು ಬೆಟ್ಟದ ಹುಲ್ಲನ್ನು ಜಿಂಕೆ ಬುಡದವರೆಗೆ ಮೇಯುತ್ತಿತ್ತು. ತಾಕಹೇ ತಿನ್ನುವುದೂ ಆ ಹುಲ್ಲಿನ ಬುಡವನ್ನೇ.

*ದೊಡ್ಡಪ್ಪ:* ಸರಿ. ಈಗ ಎಷ್ಟಿವೆ?

*ಸ್ವಾತಿ:* 2023ರಲ್ಲಿ 500ರ ಹತ್ತಿರ.

*ದೊಡ್ಡಪ್ಪ:* 1948ರಿಂದ ಲೆಕ್ಕ ಹಾಕು. ಎಪ್ಪತ್ತೈದು ವರ್ಷದಲ್ಲಿ 500. ಒಂದು ಹಳ್ಳಿಯ ನಾಟಿಕೋಳಿ ಇದಕ್ಕಿಂತ ಜಾಸ್ತಿ. ಅದಕ್ಕೆ ಜನ, ಹೆಲಿಕಾಪ್ಟರ್, ದುಡ್ಡು. ತಾನಾಗಿ ಬದುಕಲಾರದ ಹಕ್ಕಿಯನ್ನು ಎಷ್ಟು ದಿನ ಎತ್ತಿ ಹಿಡಿದು ನಿಲ್ಲಿಸುವುದು? ನನಗೆ ಹಕ್ಕಿ ಮೇಲೆ ಸಿಟ್ಟಿಲ್ಲ. ಇಲ್ಲಿ ಮಂಗ ಬಂದು ಎಳೆ ತೆಂಗಿನಕಾಯಿ ಪೂರ್ತಿ ಉದುರಿಸಿ ಹೋದರೆ ನಮ್ಮ ಮಾತು ಕೇಳುವವರು ಯಾರೂ ಇಲ್ಲ, ಅಲ್ಲಿ ಒಂದು ಹಕ್ಕಿಗೆ ಇಡೀ ಬೆಟ್ಟ ಬರೆದುಕೊಟ್ಟಿದ್ದಾರೆ.

*ಗಿರಿಜತ್ತೆ:* ಅಣ್ಣ ಮಂಗನ ವಿಷಯಕ್ಕೆ ಬಂದರು ಅಂದರೆ ಮುಗಿಯಿತು.

*ಸ್ವಾತಿ:* ದೊಡ್ಡಪ್ಪ, ಎತ್ತಿ ಹಿಡಿಯಬೇಕಾಗಿದೆ, ನಿಜ. ಆದರೆ ಬೀಳಿಸಿದವರೂ ಮನುಷ್ಯರೇ ಅಲ್ವಾ. ಹಕ್ಕಿ ಮೈಗಳ್ಳ ಅಂತ ಅಲ್ಲ. ಎತ್ತಿ ಹಿಡಿಯುವುದು ಅಂದರೆ ಹೇಗೆ ಅಂತ ಕೇಳಿ. 1985ರಲ್ಲಿ ಬರ್‌ವುಡ್ ಅನ್ನುವ ಕಡೆ ಮರಿ ಸಾಕುವ ಜಾಗ ಮಾಡಿದರು. ಬೆಟ್ಟದ ಗೂಡಿನಿಂದ ಹೆಚ್ಚುವರಿ ಮೊಟ್ಟೆ ತಂದು ಮರಿ ಮಾಡಿಸುವುದು. ಮರಿ ಮನುಷ್ಯರಿಗೆ ಹೊಂದಿಕೊಂಡರೆ ಕೆಟ್ಟಿತು ಅಂತ, ತಾಕಹೇ ತಲೆಯ ಹಾಗೆ ಗೊಂಬೆ ಮಾಡಿ ಕೈಗೆ ತೊಟ್ಟು, ಅದರ ಕೊಕ್ಕಿನಿಂದ ತುತ್ತು ಕೊಡುತ್ತಿದ್ದರು. ವರ್ಷಗಟ್ಟಲೆ.

*ಸುಬ್ಬು ಮಾವ:* ಗೊಂಬೆಯಾಟ! 😀

*ಸ್ವಾತಿ:* ಹೂಂ ಮಾವ. ಈಗ ಅದನ್ನು ಬಿಟ್ಟಿದ್ದಾರೆ. ಈಗ ತಾಕಹೇ ಅಪ್ಪ ಅಮ್ಮನೇ ಮರಿ ಸಾಕುತ್ತವೆ, ಯಾವ ಹುಲ್ಲು ಹೇಗೆ ತಿನ್ನಬೇಕು ಅಂತ ಅವೇ ಕಲಿಸುತ್ತವೆ. ಅದನ್ನು ನಾನೇ ನೋಡಿದ್ದೇನೆ. ಡನೀಡನ್ ಪಕ್ಕ ಒರೊಕೊನುಯಿ ಅಂತ ಬೇಲಿ ಹಾಕಿದ ಕಾಡಿದೆ, ಅಲ್ಲಿ ತಾಕಹೇ ಇವೆ. ನಮ್ಮಿಂದ ಮೂರು ಮಾರು ದೂರದಲ್ಲಿ ಒಂದು ನಿಂತಿತ್ತು. ಹುಲ್ಲಿನ ಒಂದೊಂದೇ ಎಸಳನ್ನು ಕೊಕ್ಕಿನಿಂದ ಎಳೆದು, ಒಂದು ಕಾಲಲ್ಲಿ ಹಿಡಿದು, ಬುಡದ ಬಿಳಿ ಭಾಗ ಮಾತ್ರ ಕಡಿದು ಮಿಕ್ಕಿದ್ದನ್ನು ಬಿಸಾಡುತ್ತದೆ. ನಾವು ಕಬ್ಬು ತಿನ್ನುವ ಹಾಗೆ. ದಿನವಿಡೀ ಅದೇ ಕೆಲಸ. ದಾರಿ ತುಂಬಾ ಬೆರಳುದ್ದದ ಹಸಿರು ಹಿಕ್ಕೆ. ನಮ್ಮನ್ನು ನೋಡಿ ಓಡಲೂ ಇಲ್ಲ, ಮುಖ ಕೂಡ ತಿರುಗಿಸಲಿಲ್ಲ.

*ಗಿರಿಜತ್ತೆ:* ಪಾಪ, ಮುಗ್ಧ ಪ್ರಾಣಿ.

*ಸ್ವಾತಿ:* ಹಾಗಾಗಿಯೇ ಅತ್ತೆ ಸ್ಟೋಟ್ ಹಿಡಿಯಬೇಕಾಗುತ್ತದೆ. 2007ರಲ್ಲಿ ಒಂದು ವರ್ಷ ಸ್ಟೋಟ್ ವಿಪರೀತ ಹೆಚ್ಚಿತ್ತು, ಮರ್ಚಿಸನ್ ಬೆಟ್ಟದ ಹಕ್ಕಿಗಳಲ್ಲಿ ಹತ್ತಿರ ಹತ್ತಿರ ಅರ್ಧ ಹೋದವು. ಬೋನು ಇಟ್ಟ ಕಡೆ ಕಮ್ಮಿ ಸತ್ತವು, ಇಡದ ಕಡೆ ಜಾಸ್ತಿ. ಇಲ್ಲಿ 2050ರ ಒಳಗೆ ಸ್ಟೋಟ್, ಹೆಗ್ಗಣ ಎಲ್ಲ ಇಲ್ಲದಂತೆ ಮಾಡಬೇಕು ಅಂತ ಇಡೀ ದೇಶದಲ್ಲೇ ಕೆಲಸ ನಡೆಯುತ್ತಿದೆ. ನಮ್ಮ ಬೀದಿಯಲ್ಲೂ ಬೋನು ಇಡುತ್ತಾರೆ. ನಾನೂ ಎರಡು ನೋಡಿಕೊಳ್ಳುತ್ತೇನೆ.

(ಇಲ್ಲಿ ಎರಡು ನಿಮಿಷ ಗುಂಪು ಸುಮ್ಮನಾಯಿತು.)

*ಗಿರಿಜತ್ತೆ:* ನೀನು? ಬೋನಿನಲ್ಲಿ ಬಿದ್ದದ್ದನ್ನು ಏನು ಮಾಡುತ್ತೀ?

*ಸ್ವಾತಿ:* ಬಿದ್ದ ಕ್ಷಣವೇ ಸಾಯುತ್ತದೆ ಅತ್ತೆ. ಮರದ ಪೆಟ್ಟಿಗೆ, ಒಳಗೆ ಸ್ಪ್ರಿಂಗ್, ಹಿಂದೆ ಒಂದು ಕೋಳಿಮೊಟ್ಟೆ. ಮೊದಲ ಸಲ ಮುಚ್ಚಳ ತೆಗೆದಾಗ ಹೆಗ್ಗಣ ಇತ್ತು. ಅವತ್ತು ರಾತ್ರಿ ಊಟ ಸೇರಲಿಲ್ಲ.

*ಗಿರಿಜತ್ತೆ:* ಮೊಟ್ಟೆ ಮುಟ್ಟದ ಮನೆ ನಮ್ಮದು. ಒಂದು ಹಕ್ಕಿ ಬದುಕಲಿ ಅಂತ ನೂರು ಪ್ರಾಣಿ ಕೊಲ್ಲುವುದು ಯಾವ ಸೀಮೆಯ ದಯೆ ಮಗಳೇ? ಆ ಮುಂಗುಸಿ ಏನು ಟಿಕೆಟ್ ತೆಗೆಸಿಕೊಂಡು ಹಡಗು ಹತ್ತಿತ್ತಾ? ತಂದವರು ಇವರೇ, ಈಗ ಕೊಲ್ಲುವವರೂ ಇವರೇ.

(ನನ್ನ ಪ್ರಕಾರ ಅವತ್ತಿನ ಜಗಳದಲ್ಲಿ ಇದಕ್ಕಿಂತ ಗಟ್ಟಿ ಮಾತು ಬರಲಿಲ್ಲ. ಸ್ವಾತಿಯೂ ಕೂಡಲೇ ಉತ್ತರ ಕೊಡಲಿಲ್ಲ.)

*ನಾನು:* ಅತ್ತೆ, ಒಂದು ಕೇಳಲಾ? ಹೋದ ಮಳೆಗಾಲ ತೋಟದ ತುಂಬಾ ಆಫ್ರಿಕಾದ ಬಸವನಹುಳು ಬಂದಾಗ ಟಾರ್ಚು ಹಿಡಿದು ಬಕೆಟ್ ಬಕೆಟ್ ಹೆಕ್ಕಿ ಉಪ್ಪು ಸುರಿದವರು ಯಾರು? ಅವೂ ಟಿಕೆಟ್ ತೆಗೆಸಿಕೊಂಡು ಬಂದವಲ್ಲ.

*ಗಿರಿಜತ್ತೆ:* ಅದು ಬೇರೆ.

*ಸುಬ್ಬು ಮಾವ:* ಹೇಗೆ ಬೇರೆ? ಉಪ್ಪಿನ ಮೂಟೆ ಹೊತ್ತು ತಂದವನು ನಾನು 😀

*ಗಿರಿಜತ್ತೆ:* ಬಸವನಹುಳು ಬಾಳೆಗಿಡ ತಿನ್ನುತ್ತಿತ್ತು. ನಮ್ಮ ಹೊಟ್ಟೆಯ ಪ್ರಶ್ನೆ. ಮತ್ತೆ ನಾನು ಕಣ್ಣು ಮುಚ್ಚಿಕೊಂಡೇ ಸುರಿದದ್ದು, ಅದು ನಿಮಗೆ ಗೊತ್ತಿಲ್ಲ.

*ಸ್ವಾತಿ:* ಅತ್ತೆ, ನಾನೂ ಹಾಗೇ. ಪೆಟ್ಟಿಗೆ ತೆಗೆಯುವಾಗ ಇವತ್ತಿಗೂ ಖಾಲಿ ಇರಲಿ ಅಂತಲೇ ಅನ್ನಿಸುತ್ತದೆ. ಇದನ್ನು ದಯೆ ಅಂತ ನಾನು ಕರೆಯುವುದಿಲ್ಲ. ಯಾರೋ ನೂರೈವತ್ತು ವರ್ಷದ ಹಿಂದೆ ಮಾಡಿಟ್ಟ ಗಲೀಜು, ಯಾರಾದರೂ ತೊಳೆಯಬೇಕು. ತೊಳೆಯದೆ ಬಿಟ್ಟರೂ ಸಾವು ತಪ್ಪುವುದಿಲ್ಲ, ಆಗ ಸಾಯುವುದು ಮರಿ. ನಮ್ಮ ಕಣ್ಣೆದುರು ಆಗುವುದಿಲ್ಲ, ಅಷ್ಟೇ.

*ದೊಡ್ಡಪ್ಪ:* ಇದು ಒಪ್ಪುವ ಮಾತು. ಆದರೆ ನನ್ನ ಪ್ರಶ್ನೆ ಹಾಗೇ ಇದೆ. ಬೋನು ಇಡುವುದು ಯಾವತ್ತು ನಿಲ್ಲುತ್ತದೆ?

*ಸ್ವಾತಿ:* ಸ್ಟೋಟ್ ಇರುವ ತನಕ ನಿಲ್ಲುವುದಿಲ್ಲ ದೊಡ್ಡಪ್ಪ. ಅಡಿಕೆಗೆ ಔಷಧಿ ಹೊಡೆಯುವುದು ಯಾವತ್ತು ನಿಲ್ಲುತ್ತದೆ?

*ದೊಡ್ಡಪ್ಪ:* ಅಡಿಕೆ ದುಡ್ಡು ಕೊಡುತ್ತದೆ ಮಗಾ.

*ನಾನು:* ಅವರ ಪಾಲಿಗೆ ಈ ಹಕ್ಕಿ ಏನಾದರೂ ಇರಬೇಕಲ್ಲ. ಅಲ್ಲಿನ ಮೂಲ ಜನ ಏನನ್ನುತ್ತಾರೆ?

*ಸ್ವಾತಿ:* ಒಳ್ಳೆ ಪ್ರಶ್ನೆ ವಿನಯಣ್ಣ. ದಕ್ಷಿಣ ದ್ವೀಪದ ಮಾವೊರಿ ಜನ ನೈ ತಾಹು ಅಂತ. ಅವರಿಗೆ ತಾಕಹೇ ಅಂದರೆ ಮನೆತನದ ಒಡವೆ ಇದ್ದ ಹಾಗೆ. ಅವರ ಜಮೀನೂ ಕೈ ತಪ್ಪಿತ್ತು, ಹಕ್ಕಿಯೂ ಹೋಗಿತ್ತು. ದೊಡ್ಡ ಹೋರಾಟ ಮಾಡಿ ಸ್ವಲ್ಪ ಜಮೀನು ವಾಪಸ್ ಪಡೆದರು. ಅದರಲ್ಲಿ ಗ್ರೀನ್‌ಸ್ಟೋನ್ ಅನ್ನುವ ಕಣಿವೆಯೂ ಒಂದು. 2023ರ ಆಗಸ್ಟ್‌ನಲ್ಲಿ ಅಲ್ಲಿಗೆ 18 ತಾಕಹೇ ತಂದು ಬಿಟ್ಟರು. ಪೆಟ್ಟಿಗೆ ಬಾಗಿಲು ತೆಗೆದವರಲ್ಲಿ ಆ ಹೋರಾಟದ ಹಿರಿಯರು ಟಿಪೆನೆ ಓ'ರೀಗನ್ ಕೂಡ ಇದ್ದರು. ಅದಕ್ಕೂ ಮೊದಲು 2018ರಲ್ಲಿ ಕಹುರಂಗಿ ಕಾಡಿಗೆ ಬಿಟ್ಟಿದ್ದರು. ಬೇಲಿ ಇಲ್ಲದ ಜಾಗ ಎರಡೂ.

*ದೊಡ್ಡಪ್ಪ:* ಹೂಂ. ಕಳೆದುಕೊಂಡ ಜಮೀನಿಗೆ ವಾಪಸ್ ಹೋಗುವುದು ಅಂದರೆ ಏನು ಅಂತ ನನಗೆ ಹೇಳಿಕೊಡಬೇಕಿಲ್ಲ.

(ದೊಡ್ಡಪ್ಪ ಜಮೀನಿನ ಕೇಸಿಗೆ ಅಂತ ಹದಿನಾಲ್ಕು ವರ್ಷ ಓಡಾಡಿದವರು. ಇದಾದ ಮೇಲೆ ಅವರು ದುಡ್ಡಿನ ಮಾತು ಎತ್ತಲಿಲ್ಲ. ಒಪ್ಪಿದರು ಅಂತ ಹೇಳಲಾರೆ.)

*ಸುಬ್ಬು ಮಾವ:* ಆಯಿತಪ್ಪ. ಪ್ರಕೃತಿ ತಾನೇ ಸರಿಪಡಿಸಿಕೊಳ್ಳುತ್ತದೆ ಅನ್ನುವ ಸಾಲು ತೆಗೆಯುತ್ತೇನೆ. ಆದರೆ ಒಂದು ಫೋಟೊ ತಪ್ಪಾಗಿದ್ದಕ್ಕೆ ಇಷ್ಟು ದೊಡ್ಡ ಪಂಚಾಯ್ತಿ ಬೇಕಿತ್ತಾ? ನೀಲಿ ಹಕ್ಕಿ ನೀಲಿ ಹಕ್ಕಿಯೇ.

*ಸ್ವಾತಿ:* ಮಾವ, ಇದನ್ನು ಹೇಳಲೇಬೇಕು. 2015ರಲ್ಲಿ ಆಕ್ಲೆಂಡ್ ಹತ್ತಿರ ಮೊಟುಟಾಪು ದ್ವೀಪದಲ್ಲಿ ಪೂಕೆಕೊ ಜಾಸ್ತಿ ಆಗಿವೆ ಅಂತ ಕಮ್ಮಿ ಮಾಡಲು ಅನುಭವಿ ಬೇಟೆಗಾರರನ್ನೇ ಕರೆಸಿದ್ದರು. ಹಾರುತ್ತಿರುವ ಹಕ್ಕಿಗೆ ಮಾತ್ರ ಹೊಡೆಯಿರಿ ಅಂತಲೂ ಹೇಳಿದ್ದರು. ಅವರು ಪೂಕೆಕೊ ಅಂದುಕೊಂಡು ಹೊಡೆದದ್ದರಲ್ಲಿ ನಾಲ್ಕು ತಾಕಹೇ. ಆಗ ಇಡೀ ದೇಶದಲ್ಲಿ ಇದ್ದದ್ದೇ ಸುಮಾರು 300.

*ಗಿರಿಜತ್ತೆ:* ಅಯ್ಯೋ ದೇವರೇ.

*ನಾನು:* ಮಾವ, ನೀವು ಗುಂಡು ಹಾರಿಸಿಲ್ಲ, ಫಾರ್ವರ್ಡ್ ಮಾಡಿದ್ದೀರಿ ಅಷ್ಟೇ. ಸಮಾಧಾನ ಮಾಡಿಕೊಳ್ಳಿ.

ಮಾವ ಅರ್ಧ ಗಂಟೆ ಬರಲಿಲ್ಲ. ಸಿಟ್ಟಾದರು ಅಂದುಕೊಂಡೆ. ಅಷ್ಟರಲ್ಲಿ ದೊಡ್ಡಪ್ಪ ಕೆರೆಯ ನೀರುಕೋಳಿಗೆ ಉದ್ದ ಕಾಲು ಇದೆಯೋ ಗಿಡ್ಡ ಕಾಲೋ ಅಂತ ತೋಟದ ಆಳನ್ನು ಕೇಳಿ, ಉದ್ದವೇ ಅಂತ ಗುಂಪಿಗೆ ವರದಿ ಕೊಟ್ಟರು. ಆಮೇಲೆ ಇದು ಬಂತು.

*ಸುಬ್ಬು ಮಾವ:* ವಿಜ್ಞಾನಿಗಳೇ ಬೆರಗಾದರು!! 1898ರ ನಂತರ ಕಾಣದ ತಾಕಹೇ ಹಕ್ಕಿ 1948ರಲ್ಲಿ ಸಿಕ್ಕಿತು!! ಸುಮ್ಮನೆ ಬಿಟ್ಟಿದ್ದಕ್ಕೆ 118ಕ್ಕೆ ಇಳಿಯಿತು!! ಬೋನು ಇಟ್ಟು, ಗೊಂಬೆಯಿಂದ ತುತ್ತು ಕೊಟ್ಟು ಸಾಕಿದ್ದಕ್ಕೆ ಈಗ 500!! ಕಾಲು ಗಿಡ್ಡ, ಮೈ ದಪ್ಪ ಇದ್ದರೆ ಮಾತ್ರ ತಾಕಹೇ, ಗಮನಿಸಿ!! ಕನಿಷ್ಠ 10 ಜನರಿಗೆ ಕಳಿಸಿ 🙏🙏

*ಸ್ವಾತಿ:* ಮಾವ ❤️❤️ ಆದರೆ ಕೆಳಗೆ ಮತ್ತೆ ಅದೇ ಉದ್ದ ಕಾಲಿನ ಫೋಟೊ ಇದೆಯಲ್ಲ.

*ಸುಬ್ಬು ಮಾವ:* ಅದನ್ನು ಬದಲಾಯಿಸುವುದು ಹೇಗೆ ಅಂತ ಗೊತ್ತಾಗಲಿಲ್ಲ. ಬೇರೆ ಆರು ಗುಂಪಿಗೆ ಆಗಲೇ ಹೋಯಿತು.

*ಗಿರಿಜತ್ತೆ:* ಫೋನ್ ಇಟ್ಟು ಊಟಕ್ಕೆ ಬನ್ನಿ. ಸಾರು ಆರುತ್ತಿದೆ.