ರೇಡಾರ್ ಇಲ್ಲದ ಯುದ್ಧವಿಮಾನದಲ್ಲಿ ಎದುರಾಳಿಯನ್ನು ಕಣ್ಣಿನಿಂದಲೇ ಪತ್ತೆಹಚ್ಚುವುದು ಹೇಗೆ?

ಬಾನಾಡಿ ಅವರ ಪ್ರಶ್ನೆ:

ಎರಡನೆಯ ಮಹಾಯುದ್ಧದ ವಿಮಾನಗಳ ಆನ್‌ಲೈನ್ ಸಿಮ್ಯುಲೇಟರ್‌ಗಳಲ್ಲಿ, ಎದುರಾಳಿಯ ಹೆಸರನ್ನಾಗಲಿ ದೂರವನ್ನಾಗಲಿ ಪರದೆಯ ಮೇಲೆ ತೋರಿಸದ, ನಕ್ಷೆಯಲ್ಲಿಯೂ ಯಾರ ಗುರುತನ್ನೂ ಇಡದ ಸರ್ವರ್‌ಗಳಲ್ಲಿ ಈಚೆಗೆ ಹಾರಲು ಆರಂಭಿಸಿದ್ದೇನೆ. ವಿಮಾನವನ್ನು ಹತೋಟಿಯಲ್ಲಿಡುವುದೂ ಗುಂಡು ಹಾರಿಸುವುದೂ ತಕ್ಕಮಟ್ಟಿಗೆ ಒಗ್ಗಿವೆ. ಆದರೆ ಗುಂಡು ಹಾರಿಸಲು ಮೊದಲು ಯಾರಾದರೂ ಕಣ್ಣಿಗೆ ಬೀಳಬೇಕಲ್ಲ! ಎಷ್ಟು ಹೊತ್ತು ಸುತ್ತಾಡಿದರೂ ಆಕಾಶ ಖಾಲಿಯಾಗಿಯೇ ತೋರುತ್ತದೆ, ಎದುರಾಳಿ ಇದ್ದಾನೆಂದು ತಿಳಿಯುವುದು ಅವನ ಗುಂಡುಗಳು ನನ್ನ ರೆಕ್ಕೆಗೆ ತಾಗಿದ ಮೇಲೆಯೇ. ಈ ವಿಮಾನಗಳಲ್ಲಿ ರೇಡಾರ್ ಇರಲಿಲ್ಲವೆಂಬುದು ಗೊತ್ತು, ಅದು ಬೇಕೆಂದು ಕೇಳುತ್ತಲೂ ಇಲ್ಲ. ಅನುಭವಿಗಳು ಇದೇ ಆಕಾಶದಲ್ಲಿ ಅಷ್ಟು ದೂರದಿಂದ ಹೇಗೆ ಗುರುತಿಸುತ್ತಾರೆ? ಸದಾ ಜೂಮ್ ಮಾಡಿಕೊಂಡೇ ಹುಡುಕಬೇಕೆ?

ಮುಗಿಲಂಚು ಅವರ ಉತ್ತರ:

ಹೇಗೆ ನೋಡಬೇಕೆಂಬುದಕ್ಕೆ ಮೊದಲು ಎಲ್ಲಿ ನೋಡಬೇಕೆಂಬುದನ್ನು ತೀರ್ಮಾನಿಸಿಕೊಳ್ಳಿ. ನಕ್ಷೆ ಎಷ್ಟೇ ವಿಶಾಲವಾಗಿದ್ದರೂ ಆಟಗಾರರು ಅದರಲ್ಲಿ ಸಮನಾಗಿ ಹರಡಿಕೊಂಡಿರುವುದಿಲ್ಲ. ಬಾಂಬರ್‌ಗಳು ಗುರಿಯಿದ್ದಲ್ಲಿಗೆ ಹೋಗುತ್ತವೆ, ಅವುಗಳನ್ನು ಕಾಯುವವರೂ ಬೇಟೆಯಾಡುವವರೂ ಅಲ್ಲಿಗೇ ಹೋಗುತ್ತಾರೆ. ಆದ್ದರಿಂದ ಶತ್ರುವಿನ ವಿಮಾನನೆಲೆಯಿಂದ ಅವನಿಗೆ ಸಮೀಪವಾದ ಗುರಿಗೆ ಒಂದು ಗೆರೆ ಎಳೆದರೆ, ಸಂಚಾರದ ಬಹುಪಾಲು ಅದರ ಆಸುಪಾಸಿನಲ್ಲೇ ಇರುತ್ತದೆ. ನಿಮ್ಮ ಕಡೆಯ ವಿಮಾನ ನಿರೋಧಕ ತೋಪುಗಳು ಎಲ್ಲಿಯಾದರೂ ಸಿಡಿಯುತ್ತಿದ್ದರೆ ಆ ಹೊಗೆಯ ಬಳಿ ಯಾರೋ ಇದ್ದಾರೆಂದೇ ತಿಳಿಯಿರಿ. ಬಹಳ ಎತ್ತರದ ತಣ್ಣನೆಯ ಗಾಳಿಯಲ್ಲಿ ಎಂಜಿನ್ನಿನ ಹಿಂದೆ ಮೂಡುವ ಬಿಳಿಯ ಆವಿಗೆರೆಯಂತೂ ವಿಮಾನ ಕಾಣುವುದಕ್ಕೂ ಎಷ್ಟೋ ಮೊದಲೇ ಕಾಣುತ್ತದೆ.

ಆಮೇಲಿನ ಮಾತು ಹಿನ್ನೆಲೆಯದು. ಕಾಡಿನ ಅಥವಾ ಹೊಲಗದ್ದೆಗಳ ಮೇಲೆ ತಗ್ಗಿನಲ್ಲಿ ಹಾರುವ, ನೆಲದೊಡನೆ ಬೆರೆಯುವಂತೆ ಬಣ್ಣ ಬಳಿದ ವಿಮಾನವನ್ನು ಮೇಲಿನಿಂದ ಹುಡುಕುವುದು ಕಷ್ಟ. ಅದೇ ವಿಮಾನ ಮೋಡ, ಹಿಮ ಅಥವಾ ಸಮುದ್ರದ ಮೇಲೆ ಬಂದರೆ ಎದ್ದು ಕಾಣುತ್ತದೆ. ನಿಮಗಿಂತ ಮೇಲಿರುವವನು ತಿಳಿಯಾದ ಆಕಾಶದೆದುರು ಕಪ್ಪು ಚುಕ್ಕೆಯಾಗಿ ಕಾಣುತ್ತಾನೆ, ಅವನು ಸೂರ್ಯನ ದಿಕ್ಕಿನಲ್ಲಿ ಇಲ್ಲದಿದ್ದರೆ ಮಾತ್ರ. ಮೊದಲ ಮಹಾಯುದ್ಧದ ಜರ್ಮನ್ ಯುದ್ಧವೈಮಾನಿಕ ಓಸ್ವಾಲ್ಡ್ ಬೋಲ್ಕೆ 1916ರಲ್ಲಿ ತನ್ನ ವೈಮಾನಿಕರಿಗೆ ಬರೆದುಕೊಟ್ಟ ನಿಯಮಗಳಲ್ಲಿ, ದಾಳಿ ಮಾಡುವಾಗ ಸಾಧ್ಯವಾದರೆ ಸೂರ್ಯನನ್ನು ಬೆನ್ನಿಗಿಟ್ಟುಕೊಳ್ಳಬೇಕೆಂಬುದೂ ಒಂದು. ಸಿಮ್ಯುಲೇಟರ್‌ಗಳಲ್ಲಿಯೂ ಅದು ಹಾಗೆಯೇ ಸಲ್ಲುತ್ತದೆ, ಏಕೆಂದರೆ ಪರದೆಯ ಮೇಲಿನ ಸೂರ್ಯನೂ ತನ್ನ ಸುತ್ತಲಿನ ಚುಕ್ಕೆಗಳನ್ನು ನುಂಗಿಬಿಡುತ್ತಾನೆ.

ಎರಡು ಪಿಕ್ಸೆಲ್ ಅವರ ಉತ್ತರ:

ಜೂಮ್ ಬಗ್ಗೆ ಕೇಳಿದ್ದೀರಿ, ಅದನ್ನು ಲೆಕ್ಕದಿಂದಲೇ ನೋಡೋಣ. ಜರ್ಮನಿಯ ಯುದ್ಧವಿಮಾನ ಮೆಸರ್‌ಸ್ಮಿಟ್ 109ರ ರೆಕ್ಕೆಗಳ ಅಗಲ ಸುಮಾರು 10 ಮೀಟರ್. 1920 ಪಿಕ್ಸೆಲ್ ಅಗಲದ ಪರದೆಯಲ್ಲಿ ನೋಟದ ಕೋನವನ್ನು 90 ಡಿಗ್ರಿಗೆ ಇಟ್ಟಿದ್ದರೆ, 5 ಕಿಲೋಮೀಟರ್ ದೂರದಲ್ಲಿರುವ ಆ ವಿಮಾನ ಪರದೆಯ ನಡುವೆ ಹೆಚ್ಚುಕಡಿಮೆ ಎರಡು ಪಿಕ್ಸೆಲ್‌ಗಳಷ್ಟೇ ಆಗುತ್ತದೆ. ಜೂಮ್ ಮಾಡಿ ಕೋನವನ್ನು 30 ಡಿಗ್ರಿಗೆ ಇಳಿಸಿದರೆ ಏಳು ಪಿಕ್ಸೆಲ್. ಜೂಮ್ ಮಾಡದೆ ವಿಮಾನದ ಜಾತಿ ಗುರುತಿಸುವುದು ಅಸಾಧ್ಯವೆಂಬುದು ಇದರಿಂದಲೇ ಸ್ಪಷ್ಟ. ಹಾಗೆಂದು ಸದಾ ಜೂಮ್‌ನಲ್ಲೇ ಇದ್ದರೆ ಆಕಾಶದ ಒಂದು ಚೂರನ್ನು ಬಿಟ್ಟು ಉಳಿದುದಕ್ಕೆಲ್ಲ ನೀವು ಕುರುಡರು. ಅಗಲ ನೋಟದಲ್ಲಿ ಸುತ್ತಲ ಪರಿಸ್ಥಿತಿಯನ್ನು ತಿಳಿದುಕೊಂಡು, ಅನುಮಾನ ಬಂದ ದಿಕ್ಕಿನಲ್ಲಿ ಮಾತ್ರ ಕೋನವನ್ನು ಕಿರಿದು ಮಾಡಿ, ನೋಡಿ, ಕೂಡಲೇ ಹಿಂದಿರುಗಬೇಕು.

ತಲೆಯನ್ನು ಒಂದೇ ಸಮನೆ ತಿರುಗಿಸುತ್ತ ಆಕಾಶವನ್ನು ಗುಡಿಸಿದಂತೆ ನೋಡಿದರೆ ಪ್ರಯೋಜನವಿಲ್ಲ. ಕಣ್ಣಿನ ಮಧ್ಯಭಾಗದ ಸುಮಾರು ಎರಡು ಡಿಗ್ರಿಯಷ್ಟು ಜಾಗವೇ ಅತ್ಯಂತ ಸೂಕ್ಷ್ಮವಾದುದನ್ನು ಕಾಣಬಲ್ಲದು, ಅದೂ ನೋಟ ನಿಂತಿದ್ದಾಗ. ನಿಜವಾದ ವಿಮಾನಗಳ ಚಾಲಕರಿಗೂ, ಹತ್ತು ಡಿಗ್ರಿಗಿಂತ ಹೆಚ್ಚಾಗದ ತುಂಡುಗಳಾಗಿ ಆಕಾಶವನ್ನು ಹಂಚಿಕೊಂಡು ಪ್ರತಿ ತುಂಡಿನಲ್ಲಿ ಕನಿಷ್ಠ ಒಂದು ಸೆಕೆಂಡು ನೋಟ ನಿಲ್ಲಿಸಬೇಕೆಂದೇ ಕಲಿಸುತ್ತಾರೆ.

ಪರದೆಯ ಗುಣಮಟ್ಟದ ಚರ್ಚೆಗೆ ಕೊನೆಯಿಲ್ಲ. ಇಷ್ಟು ಸಾಕು: ಆ್ಯಂಟಿ-ಅಲಿಯಾಸಿಂಗ್ (ಚಿತ್ರದ ಅಂಚುಗಳನ್ನು ನಯಗೊಳಿಸುವ ಸೆಟ್ಟಿಂಗ್) ಅತಿಯಾದರೆ ದೂರದ ಚುಕ್ಕೆ ಹಿನ್ನೆಲೆಯೊಡನೆ ಕರಗಿಹೋಗಬಹುದು, ಆದ್ದರಿಂದ ಚಂದದ ಚಿತ್ರಕ್ಕಿಂತ ಚುಕ್ಕೆ ಉಳಿಯುವ ಸೆಟ್ಟಿಂಗ್ ಮೇಲು.

ಬಾನಾಡಿ:

ಇಬ್ಬರಿಗೂ ಧನ್ಯವಾದ. ಚಲಿಸುವ ಚುಕ್ಕೆಗಳನ್ನೇ ಹುಡುಕುವುದು ನನ್ನ ರೂಢಿ, ಅದು ಸರಿಯಷ್ಟೆ? ಬೆನ್ನ ಹಿಂದಿನಿಂದ ಬರುವವನಿಗೆ ಏನು ಉಪಾಯ?

ಬಾಲಗಾವಲು ಅವರ ಉತ್ತರ:

ಅದು ಅರ್ಧ ಮಾತ್ರ ಸರಿ. ನೀವೂ ಎದುರಾಳಿಯೂ ನೇರವಾಗಿ ಹಾರುತ್ತಿದ್ದು ದಾರಿಗಳು ಒಂದೇ ಬಿಂದುವಿನಲ್ಲಿ ಕೂಡುವಂತಿದ್ದರೆ, ಅವನು ನಿಮ್ಮ ಗಾಜಿನ ಮೇಲೆ ಒಂದೇ ಕಡೆ ನಿಂತಂತೆ ಕಾಣುತ್ತಾನೆ. ಬೆಳೆಯುವುದು ಗಾತ್ರ ಮಾತ್ರ, ಅದೂ ಕೊನೆಯ ಗಳಿಗೆಯಲ್ಲಿ. ಅಲುಗಾಡದ ಚುಕ್ಕೆಯೇ ಹೆಚ್ಚು ಅಪಾಯಕಾರಿ. ನಡುನಡುವೆ ದಿಕ್ಕನ್ನು ಸ್ವಲ್ಪ ಬದಲಿಸಿದರೆ ಅಂಥ ಚುಕ್ಕೆಯೂ ಜಾಗ ಬಿಟ್ಟು ಕದಲುತ್ತದೆ, ಕಾಕ್‌ಪಿಟ್ಟಿನ ಕಂಬಿಯ ಮರೆಯಲ್ಲಿ ಕೂತಿದ್ದವನೂ ಹೊರಬೀಳುತ್ತಾನೆ.

ಬೆನ್ನ ಹಿಂದೆ ಕೆಳಗಿನ ಭಾಗ ಎಂಥ ವಿಮಾನದಲ್ಲಿಯೂ ಕಾಣುವುದಿಲ್ಲ. ರೆಕ್ಕೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿ ಹಾವಿನ ನಡೆಯಲ್ಲಿ ಹಾರುವುದೊಂದೇ ಒಬ್ಬಂಟಿಗನಿಗಿರುವ ದಾರಿ. ಜೊತೆಗಾರನಿದ್ದರೆ ಇಬ್ಬರೂ ಕೆಲವು ನೂರು ಮೀಟರ್ ಅಂತರದಲ್ಲಿ ಅಕ್ಕಪಕ್ಕ ಹಾರಿ ಒಬ್ಬರ ಬಾಲವನ್ನು ಮತ್ತೊಬ್ಬರು ಕಾಯಬೇಕು. 1940ರಲ್ಲಿ ಬ್ರಿಟಿಷರ ಮೂರು ವಿಮಾನಗಳ ಒತ್ತಾದ ಗುಂಪಿನಲ್ಲಿ ಹಿಂಬಾಲಕರ ಗಮನವೆಲ್ಲ ಮುಂದಾಳಿಗೆ ಡಿಕ್ಕಿ ಹೊಡೆಯದಂತೆ ಹಾರುವುದಕ್ಕೇ ಸಾಲದಾಗುತ್ತಿತ್ತು. ಜರ್ಮನರು ಸ್ಪೇನಿನ ಅಂತರ್ಯುದ್ಧದಲ್ಲಿಯೇ ರೂಢಿಸಿಕೊಂಡಿದ್ದ ಬಿಡಿಬಿಡಿ ಜೋಡಿಗಳಲ್ಲಿ ಎಲ್ಲರ ಕಣ್ಣೂ ಆಕಾಶದ ಮೇಲಿರುತ್ತಿತ್ತು.

ಇನ್ನೊಂದು ಮಾತು. ವಿಮಾನದಲ್ಲಿ ರೇಡಾರ್ ಇಲ್ಲವೆಂದರೆ ನೆಲದಲ್ಲಿಯೂ ಇಲ್ಲವೆಂದಲ್ಲ. ಬ್ರಿಟನ್ನಿನ ಚೈನ್ ಹೋಮ್ ರೇಡಾರ್‌ಗಳು ಕರಾವಳಿಯಿಂದ ಸಮುದ್ರದ ಕಡೆಗೆ ನೋಡುತ್ತಿದ್ದವು. ದಾಳಿಕಾರರು ಕರಾವಳಿ ದಾಟಿದ ಮೇಲೆ ಅಬ್ಸರ್ವರ್ ಕೋರ್‌ನವರು ಕಣ್ಣು ಕಿವಿಗಳಿಂದಲೇ ಜಾಡು ಹಿಡಿದು ವರದಿ ಕೊಡುತ್ತಿದ್ದರು. ನಿಮ್ಮ ಸರ್ವರ್‌ನಲ್ಲಿ ರೇಡಿಯೋ ಮೂಲಕ ಇಂಥ ಸೂಚನೆ ಬರುವಂತಿದ್ದರೆ ಅದನ್ನು ಆಲಿಸಿ, ಇಲ್ಲದಿದ್ದರೆ ತಂಡದವರೊಡನೆ ಮಾತಿನ ಚಾನೆಲ್‌ಗೆ ಸೇರಿಕೊಳ್ಳಿ. ಕಂಡದ್ದನ್ನು ಹೇಳುವಾಗ ಗಡಿಯಾರದ ಅಂಕಿಗಿಂತ (ವಿಮಾನದ ಮೂತಿಯ ದಿಕ್ಕೇ ಹನ್ನೆರಡು ಗಂಟೆಯೆಂದು ಹೇಳುವ ರೀತಿ) ನಕ್ಷೆಯ ಚೌಕದ ಸಂಖ್ಯೆ, ಎತ್ತರ ಮತ್ತು ಸಾಗುವ ದಿಕ್ಕನ್ನು ಹೇಳಿ. ನಿಮ್ಮ ಮೂರು ಗಂಟೆಯ ದಿಕ್ಕು ಎಲ್ಲಿಯೋ ದೂರದಲ್ಲಿರುವ ಜೊತೆಗಾರನಿಗೆ ಏನನ್ನೂ ತಿಳಿಸುವುದಿಲ್ಲ.