ವಿಮಾನ ಇಳಿಸುವಾಗ ಕೊನೆಯ ಹತ್ತು ಅಡಿಯಲ್ಲೇ ಎಡವುತ್ತಿದ್ದೇನೆ, ನಿಮಗೂ ಹೀಗಾಗಿತ್ತಾ?

ಕೇಳಿದವರು:
ಸೆಸ್ನಾ 172ರಲ್ಲಿ 24 ಗಂಟೆ ಹಾರಿದ್ದೇನೆ. ಸೋಲೋ (ಒಬ್ಬನೇ ಹಾರುವುದು) ಇನ್ನೂ ಆಗಿಲ್ಲ. ಟೇಕಾಫ್, ಸರ್ಕ್ಯೂಟ್ (ರನ್‌ವೇ ಸುತ್ತ ಹಾಕುವ ಸುತ್ತು), ರೇಡಿಯೋ ಎಲ್ಲ ಪರವಾಗಿಲ್ಲ. ಫ್ಲೇರ್, ಅಂದರೆ ನೆಲ ಮುಟ್ಟುವ ಮುಂಚೆ ಮೂಗು ಮೆತ್ತಗೆ ಎತ್ತುವುದು ಮಾತ್ರ ಕೈಗೆ ಬರುತ್ತಿಲ್ಲ. ಒಂದು ಸಲ ಮೂಗು ಜಾಸ್ತಿ ಎತ್ತಿ ವಿಮಾನ ಮತ್ತೆ ಮೇಲಕ್ಕೆ ತೇಲುತ್ತದೆ, ಇನ್ನೊಂದು ಸಲ ಎತ್ತುವುದೇ ತಡವಾಗಿ ದಡಾರ್ ಅಂತ ಕೂರುತ್ತದೆ. ಜೊತೆಗೆ ಸೇರಿದವರೆಲ್ಲ ಸೋಲೋ ಮುಗಿಸಿದರು. ಮನೆಯಲ್ಲಿ ಅಮ್ಮ ದಿನಾ ಕೇಳುತ್ತಾರೆ. ನೀವು ಇದನ್ನು ಹೇಗೆ ದಾಟಿದಿರಿ?

ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಮುಗಿಸಿದವರೊಬ್ಬರು:
ನನ್ನ ಸೋಲೋ ಆಗಿದ್ದು 31ನೇ ಗಂಟೆಗೆ. ಆಮೇಲೆ ಯಾರೂ ಅದನ್ನು ಕೇಳಲಿಲ್ಲ. ಸಿಪಿಎಲ್‌ಗೆ ಬೇಕಾದ್ದು 200 ಗಂಟೆ, ಅದರಲ್ಲಿ ಈ ಏಳೆಂಟು ಗಂಟೆ ಎಲ್ಲಿ ಲೆಕ್ಕ?

ನನ್ನ ತಪ್ಪು ಇದ್ದಿದ್ದು ಕಣ್ಣಿನಲ್ಲಿ. ನೆಲ ಹತ್ತಿರ ಬರುತ್ತಿದ್ದ ಹಾಗೆ ಮೂಗಿನ ಮುಂದಿನ ಡಾಂಬರನ್ನೇ ನೋಡುತ್ತಿದ್ದೆ. ಅಲ್ಲಿ ನೋಡಿದರೆ ನೆಲ ಸರ್ರನೆ ಓಡುವುದು ಕಾಣುತ್ತದೆ, ಎತ್ತರ ಮಾತ್ರ ಗೊತ್ತಾಗುವುದಿಲ್ಲ. ಗಾಬರಿಗೆ ಯೋಕ್ (ಮೂಗು ಎತ್ತಿ ಇಳಿಸುವ ಹಿಡಿ) ಎಳೆದುಬಿಡುತ್ತಿದ್ದೆ. ಒಂದು ಬೆಳಿಗ್ಗೆ ನನ್ನ ಇನ್‌ಸ್ಟ್ರಕ್ಟರ್ ಟೇಕಾಫ್‌ಗೆ ಮುಂಚೆ ರನ್‌ವೇ ಮೇಲೆ ಒಂದು ಕ್ಷಣ ತಡೆದರು. "ರನ್‌ವೇಯ ಆ ಕೊನೆ ಗಾಜಿನಲ್ಲಿ ಎಲ್ಲಿ ಕಾಣ್ತಿದೆ ನೋಡ್ಕೋ. ಎರಡೂ ಅಂಚು ಎಷ್ಟು ಅಗಲ ಇದೆ ನೋಡ್ಕೋ. ಇಳಿಯುವಾಗಲೂ ನಿನ್ನ ಕಣ್ಣು ಹೆಚ್ಚುಕಮ್ಮಿ ಇಷ್ಟೇ ಎತ್ತರದಲ್ಲಿ ಇರತ್ತೆ" ಅಂದರು. ಅವತ್ತಿಂದ ಪ್ರತಿ ಟೇಕಾಫ್‌ಗೂ ಆ ಚಿತ್ರ ತುಂಬಿಕೊಳ್ಳುತ್ತಿದ್ದೆ. ನೋಟ ರನ್‌ವೇಯ ಆ ಕೊನೆಗೆ ಹೋದ ಮೇಲೆ ಕೈ ತಾನಾಗೇ ಮೆತ್ತಗಾಯಿತು. ವಿಮಾನವನ್ನು ಇಳಿಸಲು ಹೋಗಬೇಡಿ. ಪವರ್ ತೆಗೆದು, ಅದು ಕೂರಲು ಹೊರಟಾಗ ಕೂರದ ಹಾಗೆ ಸ್ವಲ್ಪಸ್ವಲ್ಪವೇ ಎಳೆಯುತ್ತಾ ಹೋಗಿ. ಸುಸ್ತಾಗಿ ತಾನೇ ಕೂರುತ್ತದೆ.

ಬೆಂಗಳೂರಿನ ಜಕ್ಕೂರಿನಲ್ಲಿ ಕಲಿತವರು:
ಮೇಲೆ ಹೇಳಿದ್ದು ಸರಿ. ಆದರೆ ಫ್ಲೇರ್ ಕೆಡುವುದು ಬಹಳ ಸಲ ಫೈನಲ್‌ನಲ್ಲೇ (ರನ್‌ವೇಗೆ ನೇರವಾಗಿ ಇಳಿದು ಬರುವ ಕೊನೆಯ ಹಂತ). ಸ್ಪೀಡ್ ಎಷ್ಟಿರುತ್ತದೆ? 172ಎಸ್ (172ರ ಒಂದು ಮಾದರಿ) ಕೈಪಿಡಿಯಲ್ಲಿ ಫ್ಲಾಪ್ (ರೆಕ್ಕೆಯ ಹಿಂಭಾಗದ ಇಳಿಸುವ ಪಟ್ಟಿ) ಇಳಿಸಿದಾಗ 60ರಿಂದ 70 ನಾಟ್ (ವಿಮಾನದ ವೇಗದ ಅಳತೆ) ಅಂತ ಇದೆ. ನಾನು "ಸೇಫ್ಟಿಗೆ ಇರಲಿ" ಅಂತ 75ರಲ್ಲಿ ಬರುತ್ತಿದ್ದೆ. ಆ ಹೆಚ್ಚಿನ ವೇಗ ಎಲ್ಲಿಗೆ ಹೋಗಬೇಕು? ಈ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 36 ಅಡಿ. ನೆಲದಿಂದ ಅಷ್ಟು ಎತ್ತರದ ಒಳಗೆ ಬಂದರೆ ವಿಮಾನವನ್ನು ತಡೆಯುವ ಗಾಳಿಯ ಎಳೆತ ಕಡಿಮೆಯಾಗುತ್ತದೆ. ನೆಲಕ್ಕೆ ಹತ್ತಿರವಾದಷ್ಟೂ ಈ ಪರಿಣಾಮ ಜಾಸ್ತಿ. ಅಲ್ಲಿ ಯೋಕ್ ಸ್ವಲ್ಪ ಎಳೆದರೂ ಸಾಕು, ಬಲೂನಿನ ಹಾಗೆ ಎದ್ದುಬಿಡುತ್ತದೆ.

ಇನ್ನೊಂದು ನಮ್ಮ ಎತ್ತರದ ಊರಿನ ಕಥೆ. ಜಕ್ಕೂರು ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಬೇಸಿಗೆಯಲ್ಲಿ 30 ಡಿಗ್ರಿ ಇದ್ದರೆ ಗಾಳಿ 5,500 ಅಡಿಯಲ್ಲಿ ಇರಬೇಕಾದಷ್ಟು ತೆಳುವಾಗಿರುತ್ತದೆ. ಸ್ಪೀಡ್ ಮೀಟರ್ 65 ತೋರಿಸುತ್ತಿದ್ದರೂ, ಗಾಳಿ ಬೀಸದ ದಿನ ನೆಲದ ಮೇಲೆ 70 ದಾಟಿರುತ್ತೀರಿ. ಕಣ್ಣಿಗೆ "ಅಯ್ಯೋ, ಜೋರಾಗಿ ಬರ್ತಿದೀನಿ" ಅನ್ನಿಸುತ್ತದೆ, ಬೇಗ ಪವರ್ ತೆಗೆದು ಬೇಗ ಎಳೆಯುತ್ತೀರಿ. ಕರಾವಳಿಯ ಕಡೆ ಕಲಿತು ಬಂದವರು ಮೊದಲ ವಾರ ಇದೇ ಮಾಡುತ್ತಾರೆ. ಫೈನಲ್‌ನಲ್ಲಿ ಮೀಟರ್ ನಂಬಿ. ತಂಪಿರುವ ಬೆಳಿಗ್ಗೆಯ ಸ್ಲಾಟ್ (ಹಾರುವ ಸರದಿ) ಸಿಕ್ಕರೆ ಬಿಡಬೇಡಿ.

ಭಾನುವಾರದ ಪೈಲಟ್:
ಪುಟಿದಾಗ ಏನು ಮಾಡುತ್ತೀರಿ ಅಂತ ನೀವು ಬರೆದೇ ಇಲ್ಲ. ನಾನು ಒಂದು ಸಲ ಪುಟಿದ ತಕ್ಷಣ ಯೋಕ್ ಮುಂದಕ್ಕೆ ಒತ್ತಿದೆ. ಮುಂದಿನ ಚಕ್ರ ಮೊದಲು ತಗುಲಿತು, ಮತ್ತೆ ಎದ್ದಿತು, ಮತ್ತೆ ತಗುಲಿತು. ಮೂರನೆಯದಕ್ಕೆ ಪ್ರೊಪೆಲರ್ ತುದಿ ನೆಲಕ್ಕೆ ಉಜ್ಜಿತು. ಎಂಜಿನ್ ಬಿಚ್ಚಿ ನೋಡಬೇಕಾಯಿತು, ವಿಮಾನ ತಿಂಗಳುಗಟ್ಟಲೆ ಹ್ಯಾಂಗರಿನಲ್ಲಿ ಕೂತಿತು. ಆ ಬಿಲ್ಲಿನ ಮಾತು ಇಲ್ಲಿ ಬೇಡ.

ಈಗ ಜೋರಾಗಿ ಪುಟಿಯಿತು ಅಂದರೆ ಸರಿ ಮಾಡಲು ಹೋಗುವುದೇ ಇಲ್ಲ. ಥ್ರಾಟಲ್ ಪೂರ್ತಿ, ಮೂಗು ಹಿಡಿತದಲ್ಲಿ, ಫ್ಲಾಪ್ 20 ಡಿಗ್ರಿಗೆ, 60 ನಾಟ್, ಇನ್ನೊಂದು ಸುತ್ತು. (ಇದು 172ಎಸ್ ಲೆಕ್ಕ, ನಿಮ್ಮ ವಿಮಾನದ ಕೈಪಿಡಿ ನೋಡಿಕೊಳ್ಳಿ.) ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಇರುವಾಗಲೇ ಕೇಳಿ ನಾಲ್ಕೈದು ಗೋ ಅರೌಂಡ್ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು) ಮಾಡಿಸಿಕೊಳ್ಳಿ. ಸೋಲೋಗೆ ಬಿಡುವ ಮುಂಚೆ ಅವರು ನೋಡುವುದು ಲ್ಯಾಂಡಿಂಗ್ ಎಷ್ಟು ಚಂದ ಅನ್ನುವುದಕ್ಕಿಂತ ಜಾಸ್ತಿ, ಕೆಟ್ಟ ಲ್ಯಾಂಡಿಂಗನ್ನು ನೀವೇ ಗುರುತಿಸಿ ಕೈಬಿಡುತ್ತೀರಾ ಅನ್ನುವುದನ್ನು.

ಐದಡಿ ಒಂದಿಂಚಿನವಳು:
ಸೀಟು ದಿನಾ ಒಂದೇ ಎತ್ತರಕ್ಕೆ ಹಾಕಿಕೊಳ್ಳುತ್ತೀರಾ? ನಮ್ಮಲ್ಲಿ ಎರಡು ವಿಮಾನ, ಎರಡರ ಸೀಟೂ ಬೇರೆ ಬೇರೆ. ನನಗೆ ದಿನಕ್ಕೊಂದು ಚಿತ್ರ ಕಾಣುತ್ತಿತ್ತು. ಮನೆಯಿಂದ ದಿಂಬು ಒಯ್ಯಲು ಶುರುಮಾಡಿದೆ. ಎಲ್ಲ ನಕ್ಕರು, ಲ್ಯಾಂಡಿಂಗ್ ಸರಿಹೋಯಿತು.

ಕೇಳಿದವರು:
ಸೀಟಿನ ವಿಷಯ ತಲೆಗೇ ಬಂದಿರಲಿಲ್ಲ! ನಾನೂ ಎರಡು ವಿಮಾನದಲ್ಲಿ ಅದಲುಬದಲು ಹಾರುತ್ತೇನೆ. ಲಾಗ್‌ಬುಕ್ ತೆಗೆದು ನೋಡಿದೆ, ದಡಾರ್ ಅಂದಿದ್ದೆಲ್ಲ ಒಂದೇ ವಿಮಾನದಲ್ಲಿ. ಸ್ಪೀಡ್ ಬಗ್ಗೆ ಹೇಳಬೇಕೆಂದರೆ, ನಾಚಿಕೆ ಬಿಟ್ಟು ಒಪ್ಪುತ್ತೇನೆ, 75ಕ್ಕಿಂತ ಜಾಸ್ತಿಯೇ. ನಾಳೆ ಬೆಳಿಗ್ಗೆ 6:30ಕ್ಕೆ ಸ್ಲಾಟ್ ಇದೆ. ದಿಂಬು ಬ್ಯಾಗಿಗೆ ಹಾಕುವಾಗ ಅಮ್ಮ ನೋಡಿಬಿಟ್ಟರು. "ಅಲ್ಲಿ ಮಲಗೋಕೆ ಹೋಗ್ತೀಯೇನೋ" ಅಂದರು.